ಗದಗ ಸರಿಯಿತ್ತು, ಧಾರವಾಡ ತುಂಡಾಗಿತ್ತು: ಕನ್ನಡ ಬರಹದಿಂದ ವೆಬ್ ವಿಳಾಸ ಹೆಕ್ಕಿದ ಪ್ರಕರಣ

ಒಂದು ಪುಟ್ಟ ಕನ್ನಡ ವೆಬ್ ಪತ್ರಿಕೆಗೆ ನಾನು ಬಿಡುವಿನಲ್ಲಿ ತಾಂತ್ರಿಕ ಕೆಲಸ ಮಾಡಿಕೊಡುತ್ತೇನೆ. ಲೇಖಕರು ಕಳಿಸುವ ಬರಹ ಸಾದಾ ಪಠ್ಯವಾಗಿ ಬರುತ್ತದೆ. ನಡುನಡುವೆ ವೆಬ್ ವಿಳಾಸಗಳಿರುತ್ತವೆ. ಅವನ್ನು ಗುರುತಿಸಿ, ಒತ್ತಿದರೆ ತೆರೆಯುವ ಕೊಂಡಿಯಾಗಿ ಬದಲಿಸುವುದು ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಒಂದು ಪ್ರೋಗ್ರಾಂನ ಕೆಲಸ. ಅದರ ಒಳಗಿರುವುದು ಒಂದು ರೆಜೆಕ್ಸ್ (ಬರಹದಲ್ಲಿ ಯಾವ ಮಾದರಿಯ ಅಕ್ಷರಸಾಲು ಹುಡುಕಬೇಕು ಅಂತ ಹೇಳುವ ಸೂತ್ರ), ಅಂದರೆ ರೆಗ್ಯುಲರ್ ಎಕ್ಸ್‌ಪ್ರೆಶನ್. ತುಂಬಾ ದಿನ ಅದರ ಕಡೆ ಯಾರೂ ತಿರುಗಿ ನೋಡಿರಲಿಲ್ಲ.

ಒಂದು ಬೆಳಿಗ್ಗೆ ಸಂಪಾದಕಿ ಮೇಡಂ ಫೋನ್ ಮಾಡಿದರು. "ಧಾರವಾಡದ ಕೊಂಡಿ ಒತ್ತಿದ್ರೆ ಬರೀ 'ಧ' ಅನ್ನೋ ಪುಟಕ್ಕೆ ಹೋಗ್ತಿದೆ, ಸ್ವಲ್ಪ ನೋಡ್ತೀರಾ?" ಅಂದರು. ಕನ್ನಡ ವಿಕಿಪೀಡಿಯದ ಊರಿನ ಪುಟಗಳಿಗೆ ಕೊಂಡಿ ಕೊಟ್ಟಿದ್ದ ಲೇಖನ ಅದು. ಅದೇ ಲೇಖನದಲ್ಲಿ ಗದಗದ ಕೊಂಡಿಯೂ ಇತ್ತು. ಅದು ಸರಿಯಾಗಿ ತೆರೆಯುತ್ತಿತ್ತು.

ಎರಡೂ ಒಂದೇ ತಾಣದ ವಿಳಾಸ, ಒಂದೇ ಲೇಖನ, ಒಂದೇ ಪ್ರೋಗ್ರಾಂ. ಒಂದು ಸರಿ, ಇನ್ನೊಂದು ತಪ್ಪು. ಹುಡುಕಾಟ ಅಲ್ಲಿಂದ ಶುರುವಾಯಿತು. ಓದಲು ಸುಲಭವಾಗಲಿ ಅಂತ ಇಲ್ಲಿ ಬಹಳ ಕಡೆ ವಿಳಾಸದ ಕೊನೆಯ ತುಂಡನ್ನು ಮಾತ್ರ ಬರೆಯುತ್ತೇನೆ.

31 ಜಿಲ್ಲೆಗಳ ಪರೀಕ್ಷೆ

ಮೊದಲು ಮಾಡಿದ ಕೆಲಸ ಇದು. ಕರ್ನಾಟಕದ 31 ಜಿಲ್ಲೆಗಳ ಹೆಸರನ್ನು ಒಂದೊಂದಾಗಿ ವಿಳಾಸದ ಕೊನೆಗೆ ಅಂಟಿಸಿ, ಆ ಪ್ರೋಗ್ರಾಂಗೆ ಕೊಟ್ಟು, ಏನು ಹೊರಬರುತ್ತದೆ ಅಂತ ಬರೆದುಕೊಂಡೆ. ಉಡುಪಿ 'ಉಡ' ಆಯಿತು. ಬಳ್ಳಾರಿ 'ಬಳ' ಆಯಿತು. ಕಲಬುರಗಿ 'ಕಲಬ'. ಮಂಡ್ಯ, ಮೈಸೂರು ಎರಡೂ ಬರೀ 'ಮ'. ಕೊಡಗು, ಕೋಲಾರ, ಕೊಪ್ಪಳ ಮೂರೂ ಬರೀ 'ಕ'. ಇಡೀ ಪಟ್ಟಿಯಲ್ಲಿ ಪೂರ್ತಿಯಾಗಿ ಉಳಿದದ್ದು ಒಂದೇ ಹೆಸರು: ಗದಗ.

ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದರೆ ಕಾರಣ ಕಣ್ಣಿಗೆ ಹೊಡೆಯುತ್ತದೆ. ನಮ್ಮ ಜಿಲ್ಲೆಗಳಲ್ಲಿ ಕಾಗುಣಿತದ ಗುರುತು, ಒತ್ತು, ಸೊನ್ನೆ ಯಾವುದೂ ಇಲ್ಲದ ಹೆಸರು ಗದಗ ಒಂದೇ. ಉಳಿದ ಎಲ್ಲ ಹೆಸರುಗಳೂ ಮೊದಲ ಗುರುತು ಸಿಕ್ಕ ಜಾಗದಲ್ಲೇ ಕತ್ತರಿಸಿದ್ದವು. ಧಾರವಾಡ ಅನ್ನುವುದು ಕಂಪ್ಯೂಟರಿಗೆ ನಾಲ್ಕು ಅಕ್ಷರವಲ್ಲ, ಆರು ಸಂಕೇತಗಳು: ಧ, ಅದರ ದೀರ್ಘ, ರ, ವ, ಅದರ ದೀರ್ಘ, ಡ. ರೆಜೆಕ್ಸ್ ಎರಡನೆಯದರ ಮುಂದೆ ನಿಂತುಬಿಟ್ಟಿತ್ತು.

ಯಾಕೆ ನಿಂತಿತು? ಹಳೆಯ ರೆಜೆಕ್ಸ್ ಹೀಗಿತ್ತು: ಮೊದಲು ಎಚ್‌ಟಿಟಿಪಿ, ಇದ್ದರೆ ಒಂದು ಎಸ್, ಆಮೇಲೆ :// ಗುರುತು, ಆಮೇಲೆ ಚುಕ್ಕಿ, ಓರೆಗೆರೆ, ಅಡ್ಡಗೆರೆ, ಶೇಕಡಾ ಗುರುತು ಮತ್ತು 'ಪದದ ಅಕ್ಷರ'ಗಳು ಎಷ್ಟಾದರೂ. ಆ 'ಪದದ ಅಕ್ಷರ' ಅನ್ನುವುದಕ್ಕೆ ರೆಜೆಕ್ಸ್ ಭಾಷೆಯಲ್ಲಿ ಒಂದು ಚುಟುಕು ಗುರುತಿದೆ, ಬ್ಯಾಕ್‌ಸ್ಲ್ಯಾಶ್ ಹಾಕಿ ಡಬ್ಲ್ಯೂ. ರೆಜೆಕ್ಸ್ ಕಲಿತವರೆಲ್ಲ ಮೊದಲ ವಾರದಲ್ಲೇ ಕಲಿಯುವ ಗುರುತು ಅದು. ಪೈಥಾನ್‌ನ ಜೊತೆಗೇ ಬರುವ ರೆಜೆಕ್ಸ್ ಲೈಬ್ರರಿಯಲ್ಲಿ ಇದರ ಅರ್ಥ: ಯೂನಿಕೋಡ್ (ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಸಂಕೇತ ಕೊಡುವ ವ್ಯವಸ್ಥೆ) 'ಅಕ್ಷರ' ಅಥವಾ 'ಅಂಕಿ' ಅಂತ ವರ್ಗ ಮಾಡಿದ ಎಲ್ಲವೂ, ಜೊತೆಗೆ ಕೆಳಗೆರೆ. ಕ, ಗ, ದ ಇವೆಲ್ಲ 'ಅಕ್ಷರ' ವರ್ಗದವು. ಆದರೆ ದೀರ್ಘ, ಗುಡಿಸು, ಕೊಂಬು, ಏತ್ವ, ಒತ್ತು ಮೂಡಿಸುವ ವಿರಾಮ, ಅನುಸ್ವಾರ ಇವನ್ನು ಯೂನಿಕೋಡ್ 'ಚಿಹ್ನೆ' ಅನ್ನುವ ಬೇರೆ ವರ್ಗದಲ್ಲಿಟ್ಟಿದೆ. ಪೈಥಾನ್ ಆ ವರ್ಗವನ್ನು ಪದದ ಭಾಗ ಅಂತ ಒಪ್ಪುವುದಿಲ್ಲ.

ಇದು ನನಗೆ ನಿಜಕ್ಕೂ ಬೇಸರ ತಂದ ಸಂಗತಿ. ಯೂನಿಕೋಡ್ ಒಕ್ಕೂಟವೇ ರೆಜೆಕ್ಸ್‌ಗಾಗಿ ಬರೆದ ಮಾರ್ಗಸೂಚಿಯಲ್ಲಿ, ಪದದ ಅಕ್ಷರ ಅಂದರೆ ಅದರಲ್ಲಿ ಈ ಚಿಹ್ನೆಗಳೂ ಸೇರಬೇಕು ಅಂತ ಇದೆ. ಪರ್ಲ್ ಭಾಷೆ ಹಾಗೇ ಮಾಡುತ್ತದೆ. ಪೈಥಾನ್‌ನಲ್ಲಿ ಇದು ತಪ್ಪು ಅಂತ 2011ರಲ್ಲೇ ದೂರು ದಾಖಲಾಗಿದೆ. ಜಾವಾಸ್ಕ್ರಿಪ್ಟ್‌ನಲ್ಲಂತೂ ಅದೇ ಗುರುತಿಗೆ ಸಿಗುವುದು ಬರೀ 63 ಅಕ್ಷರ: ಇಂಗ್ಲಿಷಿನ ದೊಡ್ಡ 26, ಚಿಕ್ಕ 26, ಹತ್ತು ಅಂಕಿ, ಒಂದು ಕೆಳಗೆರೆ. ಅಲ್ಲಿ ಗದಗ ಕೂಡ ಉಳಿಯುತ್ತಿರಲಿಲ್ಲ. ಹಾಗೆ ಆಗಿದ್ದರೆ ತಪ್ಪು ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು. ಪೈಥಾನ್ ಅರ್ಧ ಕನ್ನಡ ಒಪ್ಪಿಕೊಂಡದ್ದರಿಂದಲೇ ಅದು ಇಷ್ಟು ದಿನ ಅಡಗಿತ್ತು.

ಅಡಗಲು ಇನ್ನೊಂದು ಕಾರಣವೂ ಇತ್ತು. ಎಷ್ಟೋ ಬ್ರೌಸರ್‌ಗಳಲ್ಲಿ ವಿಳಾಸ ನಕಲು ಮಾಡಿದರೆ ಕನ್ನಡ ಅಕ್ಷರಗಳು ಶೇಕಡಾ ಗುರುತಿನ ಸಾಲಾಗಿ ಬದಲಾಗಿ ಬರುತ್ತವೆ. ಒಂದು ಕನ್ನಡ ಸಂಕೇತಕ್ಕೆ ಮೂರು ಬೈಟ್, ಪ್ರತಿ ಬೈಟ್‌ಗೆ ಶೇಕಡಾ ಗುರುತು ಸೇರಿ ಮೂರು ಅಕ್ಷರ. 'ಕನ್ನಡ' ಅನ್ನುವುದು ಐದು ಸಂಕೇತ, ಹಾಗಾಗಿ 45 ಅಕ್ಷರದ ಉದ್ದನೆಯ ಸಾಲು. ನೋಡಲು ಅಸಹ್ಯ, ಆದರೆ ಹಳೆಯ ರೆಜೆಕ್ಸ್‌ಗೆ ಅದರಲ್ಲಿ ಯಾವ ತೊಂದರೆಯೂ ಇಲ್ಲ. ಹೀಗೆ ಅಂಟಿಸಿದ ಲೇಖಕರ ಕೊಂಡಿಗಳು ಸರಿಯಿದ್ದವು. ಓದುಗರಿಗೆ ಕಾಣುವಂತೆ ಚೆಂದವಾಗಿ ಕನ್ನಡದಲ್ಲೇ ಟೈಪ್ ಮಾಡಿದವರ ಕೊಂಡಿಗಳು ಮುರಿದಿದ್ದವು. ಕಷ್ಟಪಟ್ಟು ಕನ್ನಡದಲ್ಲಿ ಬರೆದವರಿಗೇ ಪೆಟ್ಟು ಬಿದ್ದಿತ್ತು, ಅಲ್ವಾ?

ನಷ್ಟ ಬರೀ ಒಂದು ಕ್ಲಿಕ್‌ನದ್ದಲ್ಲ. ಪತ್ರಿಕೆಯಲ್ಲಿ ಕೊಂಡಿಗಳ ಒಂದು ಪಟ್ಟಿ ಇದೆ. ಅದರಲ್ಲಿ ಒಂದೇ ವಿಳಾಸ ಎರಡು ಸಲ ಬಂದರೆ ಸೇರಿಸಿಬಿಡುತ್ತದೆ. ಹಾಸನ, ಹಾವೇರಿ ಎರಡೂ 'ಹ' ಆಗಿದ್ದರಿಂದ ಅವು ಒಂದೇ ಕೊಂಡಿಯಾಗಿ ಸೇರಿಹೋಗಿದ್ದವು. ಪುಣ್ಯಕ್ಕೆ ಲೇಖನಗಳ ಮೂಲ ಪಠ್ಯ ಹಾಗೇ ಉಳಿದಿತ್ತು.

ಮೊದಲ ದುರಸ್ತಿ, ಮತ್ತು ಕಾಣದ ಅಕ್ಷರ

ಸುಲಭದ ದಾರಿ ಅಂದರೆ ಕನ್ನಡದ ಎಲ್ಲ ಸಂಕೇತಗಳನ್ನೂ ರೆಜೆಕ್ಸ್‌ಗೆ ಸೇರಿಸುವುದು. ಇದನ್ನು ಹೀಗೆ ಬರೆಯಬಹುದು:

[ಂ-೯]

ಅನುಸ್ವಾರದಿಂದ ಹಿಡಿದು ಕನ್ನಡದ ಒಂಬತ್ತರ ತನಕ ಅಂತ ಅರ್ಥ. [ಅ-ಹ] ಅಂತ ಬರೆದರೆ ಸಾಲದು. ವರ್ಣಮಾಲೆಯಲ್ಲಿ ನಾವು ಅನುಸ್ವಾರವನ್ನು ಸ್ವರಗಳ ಕೊನೆಗೆ ಓದುತ್ತೇವೆ. ಯೂನಿಕೋಡ್ ಕೋಷ್ಟಕದಲ್ಲಿ ಅದು 'ಅ'ಗಿಂತ ಮುಂಚೆ ಕೂತಿದೆ. ಕಾಗುಣಿತದ ಗುರುತುಗಳು 'ಹ' ಆದ ಮೇಲೆ ಬರುತ್ತವೆ. ಎರಡೂ ತುದಿ ತಪ್ಪಿಹೋಗುತ್ತವೆ.

ಈ ಬದಲಾವಣೆ ಮಾಡಿದ ಮೇಲೆ 31 ಹೆಸರೂ ಪೂರ್ತಿ ಬಂದವು. ಮುಗಿಯಿತು ಅಂದುಕೊಂಡೆ. ಆದರೆ ಹಳೆಯ ಲೇಖನಗಳ ಮೇಲೆ ಓಡಿಸಿದಾಗ 'ಫೇಸ್‌ಬುಕ್' ಅನ್ನುವ ಹೆಸರಿದ್ದ ವಿಳಾಸ 'ಫೇಸ್' ಅಂತ ನಿಂತಿತು. ನಾವು ಆ ಪದ ಬರೆಯುವಾಗ ಸ ಮತ್ತು ಬು ಒತ್ತಾಗಿ ಕೂಡದಂತೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕುತ್ತೇವೆ. ಝೀರೋ ವಿಡ್ತ್ ನಾನ್ ಜಾಯ್ನರ್ ಅಂತ ಅದರ ಹೆಸರು. ಬೇರೆ ಭಾಷೆಯ ಹೆಸರುಗಳನ್ನು ಕನ್ನಡದಲ್ಲಿ ಬರೆಯುವಾಗ ಹೆಜ್ಜೆಹೆಜ್ಜೆಗೂ ಬೇಕಾಗುತ್ತದೆ. ಆದರೆ ಯೂನಿಕೋಡ್ ಕನ್ನಡಕ್ಕೆ ಕೊಟ್ಟ 128 ಜಾಗಗಳಲ್ಲಿ ಅದಿಲ್ಲ. ಎಲ್ಲ ಲಿಪಿಗಳಿಗೂ ಸೇರಿದ ಬೇರೆ ಕಡೆ ಇದೆ. ಅದು ಅಕ್ಷರವೂ ಅಲ್ಲ, ಚಿಹ್ನೆಯೂ ಅಲ್ಲ.

ಅದನ್ನು ಅಳಿಸಿಬಿಟ್ಟರೆ ಆಯ್ತಲ್ಲ ಅಂತ ಅನಿಸಬಹುದು. ಅಳಿಸಬಾರದು. ಅದು ಇರುವ ವಿಳಾಸ, ಇಲ್ಲದ ವಿಳಾಸ ಎರಡೂ ಬೇರೆಬೇರೆ ಬೈಟ್‌ಗಳು. ಸರ್ವರ್ ಪಾಲಿಗೆ ಅವು ಎರಡು ಬೇರೆ ಪುಟಗಳಾಗಬಹುದು. ಹಾಗಾಗಿ ಅದನ್ನೂ ಪಟ್ಟಿಗೆ ಸೇರಿಸಿದೆ.

ಸೇರಿಸಿದ ಮೇಲೆ ಒಂದು ಪ್ರಶ್ನೆ ಕಾಡಿತು. ನಾಳೆ ಒಬ್ಬರು ಹಿಂದಿ ವಿಳಾಸ ಕೊಟ್ಟರೆ? ತುಳು ಲೇಖನದಲ್ಲಿ ಮಲಯಾಳಂ ವಿಳಾಸ ಬಂದರೆ? ಒಂದೊಂದೇ ಲಿಪಿ ಸೇರಿಸುತ್ತಾ ಕೂರುವುದು ಸರಿಯಾದ ದಾರಿ ಅಲ್ಲ. ವಿಳಾಸದ ಒಳಗೆ ಏನಿರಬಹುದು ಅಂತ ಎಣಿಸುವ ಬದಲು, ವಿಳಾಸ ಎಲ್ಲಿ ಮುಗಿಯುತ್ತದೆ ಅಂತ ಕೇಳಬೇಕು. ಆಗ ರೆಜೆಕ್ಸ್ ಎಷ್ಟು ಚಿಕ್ಕದಾಗುತ್ತದೆ ನೋಡಿ:

://[^ <>"“”]+

ಖಾಲಿ ಜಾಗ, ಕೋನದ ಆವರಣ, ಉದ್ಧರಣೆ ಚಿಹ್ನೆ ಇವು ಸಿಗುವ ತನಕ ಎಲ್ಲವನ್ನೂ ತೆಗೆದುಕೋ, ಅಷ್ಟೇ. (ನಿಜವಾದ ಕೋಡ್‌ನಲ್ಲಿ ಖಾಲಿ ಜಾಗದ ಜೊತೆ ಟ್ಯಾಬ್, ಹೊಸ ಸಾಲು ಎರಡೂ ಇವೆ.) ಲಿಪಿ ಯಾವುದು ಅಂತ ಇದು ಕೇಳುವುದೇ ಇಲ್ಲ. ಕಾಣದ ಅಕ್ಷರವೂ ತಾನಾಗಿ ಒಳಗೆ ಬರುತ್ತದೆ.

ಬಾಲ ಕತ್ತರಿಸುವ ಕಷ್ಟ

ಇಷ್ಟು ಉದಾರವಾಗಿ ಹಿಡಿದರೆ ಬಾಲವೂ ಜೊತೆಗೆ ಬರುತ್ತದೆ. ವಾಕ್ಯದ ಕೊನೆಯ ಚುಕ್ಕಿ, ಅಲ್ಪವಿರಾಮ, ಪ್ರಶ್ನೆ ಗುರುತು ಎಲ್ಲ ವಿಳಾಸಕ್ಕೆ ಅಂಟಿಕೊಳ್ಳುತ್ತವೆ. ಅದಕ್ಕೆ ಎರಡನೇ ಹೆಜ್ಜೆಯಾಗಿ ಈ ಸಣ್ಣ ರೆಜೆಕ್ಸ್:

[.,;:!?]+$

ಕೊನೆಯಲ್ಲಿ ಇವು ಸಿಕ್ಕರೆ ತೆಗೆದುಹಾಕು. ದುಂಡು ಆವರಣಕ್ಕೆ ಮಾತ್ರ ಸ್ವಲ್ಪ ಯೋಚಿಸಬೇಕಾಯಿತು. ವಿಕಿಪೀಡಿಯದಲ್ಲಿ ಒಂದೇ ಹೆಸರಿನ ಎರಡು ಪುಟ ಇದ್ದರೆ ಹೆಸರಿನ ಕೊನೆಗೆ (ಚಲನಚಿತ್ರ) ಅಂತ ಸೇರಿಸುವ ರೂಢಿ ಇದೆ. ಅಲ್ಲಿ ಮುಚ್ಚುವ ಆವರಣ ವಿಳಾಸದ್ದೇ. ಆದರೆ ಲೇಖಕರು ಇಡೀ ವಿಳಾಸವನ್ನೇ ಆವರಣದೊಳಗೆ ಬರೆದರೆ ಅದೇ ಗುರುತು ವಾಕ್ಯದ್ದು. ತೆರೆದದ್ದು ಎಷ್ಟು, ಮುಚ್ಚಿದ್ದು ಎಷ್ಟು ಅಂತ ಎಣಿಸಿ, ಮುಚ್ಚಿದ್ದು ಜಾಸ್ತಿ ಇದ್ದರೆ ಮಾತ್ರ ಕೊನೆಯದನ್ನು ತೆಗೆಯುವಂತೆ ಮಾಡಿದೆ. ಎಣಿಕೆ ರೆಜೆಕ್ಸ್‌ಗೆ ಒಗ್ಗುವ ಕೆಲಸ ಅಲ್ಲ. ನಾಲ್ಕು ಸಾಲು ಮಾಮೂಲಿ ಕೋಡ್ ಸಾಕು.

ನನ್ನನ್ನು ನಿಜವಾಗಿ ಕಾಡಿದ್ದು ವಿಭಕ್ತಿ ಪ್ರತ್ಯಯ. ಇಂಗ್ಲಿಷಿನಲ್ಲಿ ವಿಳಾಸದ ಮುಂದೆ ಬೇರೆ ಪದ ಬರುತ್ತದೆ, ನಡುವೆ ಖಾಲಿ ಜಾಗ ಇರುತ್ತದೆ. ಕನ್ನಡದಲ್ಲಿ ನಾವು 'ಡಾಟ್ ಕಾಮ್‌ನಲ್ಲಿ ಓದಿ' ಅಂತ ಬರೆಯುತ್ತೇವೆ. ವಿಳಾಸ ಇಂಗ್ಲಿಷ್ ಅಕ್ಷರದಲ್ಲಿ, 'ನಲ್ಲಿ' ಕನ್ನಡದಲ್ಲಿ, ನಡುವೆ ಜಾಗವಿಲ್ಲ. ಹೊಸ ರೆಜೆಕ್ಸ್ 'ನಲ್ಲಿ'ಯನ್ನೂ ನುಂಗಿಬಿಟ್ಟಿತು. ಹಳೆಯದು ಕೂಡ 'ನಲ' ತನಕ ನುಂಗುತ್ತಿತ್ತು ಅಂತ ಆಮೇಲೆ ನೋಡಿದಾಗ ಗೊತ್ತಾಯಿತು.

ಇದಕ್ಕೆ ಒಂದು ನಿಯಮ ಸಿಕ್ಕಿತು. ಇಂಗ್ಲಿಷ್ ಅಕ್ಷರ ಅಥವಾ ಅಂಕಿ ಆದ ತಕ್ಷಣ, ನಡುವೆ ಓರೆಗೆರೆ, ಅಡ್ಡಗೆರೆ, ಕೆಳಗೆರೆ, ಚುಕ್ಕಿ ಯಾವುದೂ ಇಲ್ಲದೆ ನೇರ ಕನ್ನಡ ಅಕ್ಷರ ಬಂದರೆ, ಅಲ್ಲಿಂದ ಮುಂದಿನದ್ದು ಪ್ರತ್ಯಯ. ಕತ್ತರಿಸು. ಒಂದೇ ತುಂಡಿನಲ್ಲಿ ಎರಡು ಲಿಪಿ ಹೀಗೆ ಬೆರೆತ ವಿಳಾಸ ನಮ್ಮ ಲೇಖನಗಳಲ್ಲಿ ಒಂದೂ ಸಿಗಲಿಲ್ಲ. ಶೇಕಡಾ ಗುರುತಿನ ಉದ್ದನೆಯ ಸಾಲಿಗೂ ಇದೇ ನಿಯಮ ಹೊಂದುತ್ತದೆ, ಯಾಕೆಂದರೆ ಅದು ಮುಗಿಯುವುದೂ ಅಕ್ಷರ ಅಥವಾ ಅಂಕಿಯಲ್ಲೇ.

ಆದರೆ ವಿಳಾಸವೇ ಕನ್ನಡದಲ್ಲಿ ಮುಗಿದರೆ? ಲೇಖಕರು ಹಂಪಿಯ ಪುಟದ ವಿಳಾಸ ಬರೆದು 'ಯಲ್ಲಿ' ಸೇರಿಸಿದರೆ ಕೊನೆಯ ತುಂಡು 'ಹಂಪಿಯಲ್ಲಿ' ಆಗುತ್ತದೆ. ಯಲ್ಲಿ, ದಲ್ಲಿ, ಗೆ, ಅನ್ನು ಅಂತ ಪ್ರತ್ಯಯಗಳ ಪಟ್ಟಿ ಮಾಡಿ, ಕೊನೆಯಲ್ಲಿ ಅವು ಬಂದರೆ ಕತ್ತರಿಸುವಂತೆ ಬರೆದು ನೋಡಿದೆ. ಹಂಪಿ ಸರಿಯಾಯಿತು. ಸಂಪಿಗೆ 'ಸಂಪಿ' ಆಯಿತು. ಮಲ್ಲಿಗೆ 'ಮಲ್ಲಿ' ಆಯಿತು. ಹೂವಿನ ಹೆಸರೋ, ಮಲ್ಲಿ ಎಂಬವಳಿಗೆ ಅನ್ನುವ ಚತುರ್ಥಿಯೋ ಅಂತ ಅಕ್ಷರ ನೋಡಿ ಹೇಳಲು ಯಾವ ರೆಜೆಕ್ಸ್‌ಗೂ ಸಾಧ್ಯವಿಲ್ಲ. ಓದುವವರಿಗೆ ಮಾತ್ರ ಗೊತ್ತಾಗುತ್ತದೆ. ಆ ಪಟ್ಟಿಯನ್ನು ಅವತ್ತೇ ಅಳಿಸಿದೆ.

ಇದಕ್ಕೆ ಪರಿಹಾರ ಕೋಡ್‌ನಲ್ಲಿ ಇರಲಿಲ್ಲ, ಬರೆಯುವ ರೀತಿಯಲ್ಲಿತ್ತು. ವೆಬ್ ವಿಳಾಸದ ರಚನೆ ಹೇಗಿರಬೇಕು ಅಂತ ಹೇಳುವ ಮೂಲ ದಾಖಲೆ ಆರ್‌ಎಫ್‌ಸಿ 3986. ಟಿಮ್ ಬರ್ನರ್ಸ್-ಲೀ, ರಾಯ್ ಫೀಲ್ಡಿಂಗ್, ಲ್ಯಾರಿ ಮಸಿಂಟರ್ ಬರೆದದ್ದು, 2005ರ ಜನವರಿಯಲ್ಲಿ ಬಂದದ್ದು. ಅದರ ಒಂದು ಅನುಬಂಧ ಪೂರ್ತಿ ಇದೇ ವಿಷಯಕ್ಕೆ ಮೀಸಲು: ಸಾದಾ ಬರಹದ ನಡುವೆ ವಿಳಾಸ ಎಲ್ಲಿ ಶುರು, ಎಲ್ಲಿ ಮುಕ್ತಾಯ ಅಂತ ಹೇಗೆ ತೋರಿಸುವುದು. ಅಲ್ಲಿ ಕೊಟ್ಟ ಸಲಹೆ < ಮತ್ತು > ನಡುವೆ ಬರೆಯುವುದು. ಕನ್ನಡಕ್ಕೆ ಇದು ಹೇಳಿ ಮಾಡಿಸಿದಂತಿದೆ. ವಿಳಾಸ ಒಳಗೆ, 'ಯಲ್ಲಿ' ಹೊರಗೆ. ನಮ್ಮ ರೆಜೆಕ್ಸ್ ಆಗಲೇ > ಕಂಡರೆ ನಿಲ್ಲುತ್ತದೆ. ಪ್ರಕಟಿಸುವಾಗ ಪ್ರೋಗ್ರಾಂ ಆ ಎರಡು ಗುರುತನ್ನು ತೆಗೆದುಬಿಡುತ್ತದೆ, ಓದುಗರಿಗೆ ಕಾಣುವುದಿಲ್ಲ. ಮೇಡಂ ಲೇಖಕರಿಗೆ ಕಳಿಸುವ ಸೂಚನೆಯಲ್ಲಿ ಒಂದು ಸಾಲು ಸೇರಿಸಿದರು.

ಪ್ರೋಗ್ರಾಂ ನಿಂತುಹೋದ ಸಂಜೆ

ಈ ನಡುವೆ ಒಂದು ಅವಘಡವೂ ಆಯಿತು. ವಿಳಾಸದ ಹಾದಿಯನ್ನು ಓರೆಗೆರೆಗಳ ಪ್ರಕಾರ ತುಂಡು ಮಾಡಲು ನಾನು ಹೀಗೆ ಬರೆದಿದ್ದೆ:

([^ ./]+\.?)+/

ಚುಕ್ಕಿ, ಓರೆಗೆರೆ ಅಲ್ಲದ ಅಕ್ಷರಗಳು, ಬೇಕಿದ್ದರೆ ಒಂದು ಚುಕ್ಕಿ, ಇದು ಎಷ್ಟು ಸಲವಾದರೂ, ಕೊನೆಗೆ ಓರೆಗೆರೆ. ಸಣ್ಣ ಉದಾಹರಣೆಗಳಲ್ಲಿ ಚೆನ್ನಾಗಿ ನಡೆಯಿತು. ಶೇಕಡಾ ಗುರುತಿನ ಒಂದು ವಿಳಾಸ ಬಂದಾಗ ಪ್ರೋಗ್ರಾಂ ಅಲ್ಲಾಡದೆ ನಿಂತಿತು. ಫ್ಯಾನ್ ಸದ್ದು ಜೋರಾಯಿತು. ಉತ್ತರ ಬರಲೇ ಇಲ್ಲ.

ರೆಜೆಕ್ಸ್ ಭಾಷೆಯಲ್ಲಿ + ಅಂದರೆ 'ಒಂದು ಅಥವಾ ಹೆಚ್ಚು ಸಲ'. ತಪ್ಪು ಇರುವುದು + ಒಳಗೆ ಇನ್ನೊಂದು + ಇಟ್ಟದ್ದರಲ್ಲಿ. ಕೊನೆಯ ಓರೆಗೆರೆ ಸಿಗದಿದ್ದರೆ ರೆಜೆಕ್ಸ್ ಸೋಲು ಒಪ್ಪುವ ಮುನ್ನ ಆ ಸಾಲನ್ನು ಎಷ್ಟು ಬಗೆಯಲ್ಲಿ ತುಂಡು ಮಾಡಬಹುದೋ ಅಷ್ಟನ್ನೂ ಪ್ರಯತ್ನಿಸುತ್ತದೆ. ಒಳಗಿನ ಚುಕ್ಕಿ ಐಚ್ಛಿಕವಾದ್ದರಿಂದ ಯಾವ ಎರಡು ಅಕ್ಷರದ ನಡುವೆ ಬೇಕಾದರೂ ತುಂಡು ಮಾಡಬಹುದು. 'ಕನ್ನಡ' ಪದದ 45 ಅಕ್ಷರಕ್ಕೆ ಅಂಥ ಬಗೆಗಳು 2ರ 44ನೇ ಘಾತ, ಅಂದರೆ 17 ಲಕ್ಷ ಕೋಟಿಗೂ ಜಾಸ್ತಿ. ಇಂಗ್ಲಿಷಿನ ಚಿಕ್ಕ ಹೆಸರಿಗೆ ಗೊತ್ತೇ ಆಗದ ತಪ್ಪು ಕನ್ನಡದ ಒಂದೇ ಪದಕ್ಕೆ ಯಂತ್ರವನ್ನು ಕಟ್ಟಿಹಾಕುತ್ತದೆ. ಇದು ಸಣ್ಣವರಿಗೆ ಮಾತ್ರ ಆಗುವ ತಪ್ಪಲ್ಲ. 2019ರ ಜುಲೈ 2ರಂದು ಇದೇ ಜಾತಿಯ ರೆಜೆಕ್ಸ್, ಅಸಂಖ್ಯ ವೆಬ್ ತಾಣಗಳು ನೆಚ್ಚಿಕೊಂಡಿರುವ ಕ್ಲೌಡ್‌ಫ್ಲೇರ್ ಸೇವೆಯನ್ನು ಸುಮಾರು 27 ನಿಮಿಷ ಜಗತ್ತಿನಾದ್ಯಂತ ಕೆಡವಿತ್ತು.

ನಾನು ಒಳಗಿನ + ತೆಗೆದೆ. ಆಮೇಲೆ ಆ ಸಾಲನ್ನೇ ತೆಗೆದೆ, ಯಾಕೆಂದರೆ ವಿಳಾಸ ಬಿಡಿಸುವ ಕೆಲಸಕ್ಕೆ ಅದು ಬೇಕಾಗಿರಲಿಲ್ಲ.

ಹುಡುಕುವುದು ಬೇರೆ, ಬಿಡಿಸುವುದು ಬೇರೆ

ಬರಹದಲ್ಲಿ ವಿಳಾಸ ಹುಡುಕುವುದು ಒಂದು ಕೆಲಸ. ಸಿಕ್ಕ ವಿಳಾಸವನ್ನು ತಾಣ, ಹಾದಿ, ಪ್ರಶ್ನೆಯ ಭಾಗ ಅಂತ ಬಿಡಿಸುವುದು ಇನ್ನೊಂದು. ಹಳೆಯ ಕೋಡ್ ಎರಡನ್ನೂ ಒಂದೇ ರೆಜೆಕ್ಸ್‌ನಲ್ಲಿ ತುರುಕಿತ್ತು. ಬಿಡಿಸಲು ಅದೇ ಆರ್‌ಎಫ್‌ಸಿ 3986ರ ಇನ್ನೊಂದು ಅನುಬಂಧದಲ್ಲಿ ಸಿದ್ಧ ರೆಜೆಕ್ಸ್ ಇದೆ:

^(([^:/?#]+):)?(//([^/?#]*))?([^?#]*)(\?([^#]*))?(#(.*))?

ಇದನ್ನು ಮೊದಲ ಸಲ ನೋಡಿದಾಗ ನನಗೆ ತುಂಬಾ ಖುಷಿಯಾಯಿತು. ಇಡೀ ಸಾಲಿನಲ್ಲಿ ಒಂದೂ ಇಂಗ್ಲಿಷ್ ಅಕ್ಷರ ಇಲ್ಲ, ಯಾವ ಭಾಷೆಯ ಅಕ್ಷರವೂ ಇಲ್ಲ. ನಾಲ್ಕು ಗುರುತುಗಳನ್ನು ಮಾತ್ರ ನೋಡುತ್ತದೆ: : / ? #. ಅವುಗಳ ನಡುವೆ ಕನ್ನಡ ಇರಲಿ, ತಮಿಳು ಇರಲಿ, ಹಾಗೇ ಎತ್ತಿ ಕೊಡುತ್ತದೆ. ಒಟ್ಟು ಒಂಬತ್ತು ಗುಂಪುಗಳು. ಎರಡನೆಯದು ಎಚ್‌ಟಿಟಿಪಿಎಸ್‌ನಂಥ ವಿಧಾನ, ನಾಲ್ಕನೆಯದು ತಾಣ, ಐದನೆಯದು ಹಾದಿ, ಏಳನೆಯದು ಪ್ರಶ್ನೆ, ಒಂಬತ್ತನೆಯದು ಪುಟದೊಳಗಿನ ಜಾಗ.

ಒಂದು ಎಚ್ಚರಿಕೆ ಮಾತ್ರ ಬೇಕು. ಇದು ಬಿಡಿಸುತ್ತದೆ, ಪರೀಕ್ಷೆ ಮಾಡುವುದಿಲ್ಲ. 'ನಾಳೆ ಬರ್ತೀನಿ' ಅಂತ ಕೊಟ್ಟರೂ ಹೊಂದುತ್ತದೆ, ಇಡೀ ಮಾತನ್ನು ಹಾದಿ ಅಂತ ಕೊಡುತ್ತದೆ.

ತಾಣದ ಭಾಗವನ್ನು ಇನ್ನೂ ಒಳಗೆ ನೋಡುವ ಕೆಲಸ ನಮಗಿತ್ತು. ನಮ್ಮದೇ ತಾಣದ ಕೊಂಡಿ ಅದೇ ಕಿಟಕಿಯಲ್ಲಿ, ಹೊರಗಿನದ್ದು ಹೊಸ ಕಿಟಕಿಯಲ್ಲಿ ತೆರೆಯಬೇಕು. ಹಳೆಯ ಕೋಡ್ ವಿಳಾಸದಲ್ಲಿ ನಮ್ಮ ಹೆಸರು ಎಲ್ಲಿದ್ದರೂ ನಮ್ಮದೇ ಅಂತ ನಂಬುತ್ತಿತ್ತು. ಇದು ಅಪಾಯ. ವಿಳಾಸದಲ್ಲಿ @ ಗುರುತಿನ ಹಿಂದಿರುವುದು ಬಳಕೆದಾರರ ಹೆಸರು, ಮುಂದಿರುವುದೇ ನಿಜವಾದ ತಾಣ. ಹಾಗಾಗಿ ://ನಮ್ಮತಾಣ.ಭಾರತ@ಬೇರೆತಾಣ.ಭಾರತ ಅಂತ ಬರೆದರೆ ಓದುಗರು ಹೋಗುವುದು ಬೇರೆಯವರ ಮನೆಗೆ. ಇನ್ನೊಂದು ಸಾಮಾನ್ಯ ತಪ್ಪೂ ಅಲ್ಲಿತ್ತು. ರೆಜೆಕ್ಸ್‌ನಲ್ಲಿ ಬರೀ ಚುಕ್ಕಿ ಅಂದರೆ 'ಯಾವುದೇ ಒಂದು ಅಕ್ಷರ'. ನಿಜವಾದ ಚುಕ್ಕಿ ಬೇಕಿದ್ದರೆ \. ಅಂತ ಬರೆಯಬೇಕು.

ಕನ್ನಡ ಲಿಪಿಯ .ಭಾರತ ಹೆಸರುಗಳು ಇನ್ನೊಂದು ತಿರುವು ಕೊಡುತ್ತವೆ. ಅಂತರ್ಜಾಲದ ಹೆಸರು ವ್ಯವಸ್ಥೆಯ ಒಳಗೆ ಕನ್ನಡ ಅಕ್ಷರ ಹಾಗೇ ಹೋಗುವುದಿಲ್ಲ. ಪ್ಯೂನಿಕೋಡ್ ಅನ್ನುವ ರೂಪಕ್ಕೆ ಬದಲಾಗುತ್ತದೆ. ಎಕ್ಸ್, ಎನ್, ಎರಡು ಅಡ್ಡಗೆರೆ ಅಂತ ಶುರುವಾಗುವ ವಿಚಿತ್ರ ಹೆಸರು ಕಂಡರೆ ಅದೇ. ಒಂದೇ ತಾಣ ಎರಡು ವೇಷದಲ್ಲಿ ಬರುವುದರಿಂದ ಹೋಲಿಸುವ ಮುಂಚೆ ಎರಡನ್ನೂ ಒಂದೇ ರೂಪಕ್ಕೆ ತರಬೇಕು. ಹಾದಿಯ ಕನ್ನಡಕ್ಕೂ ಇಂಥದ್ದೇ ಜಾಗ್ರತೆ ಬೇಕು. 'ಕೊ' ಅನ್ನುವಲ್ಲಿರುವ ಒತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ಸಂಕೇತ ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಕೊಪ್ಪಳ ಒಂದೇ, ಹೋಲಿಕೆಯಲ್ಲಿ ಎರಡು. ಪೈಥಾನ್‌ನಲ್ಲೇ ಇರುವ ಯೂನಿಕೋಡ್ ನಾರ್ಮಲೈಸೇಶನ್ (ಬೇರೆಬೇರೆ ರೂಪವನ್ನು ಒಂದೇ ರೂಪಕ್ಕೆ ತರುವುದು) ಅನ್ನುವುದರ ಒಂದು ಕರೆಯಿಂದ ಇದು ಸರಿಹೋಗುತ್ತದೆ.

ಇಷ್ಟೆಲ್ಲ ಸೂಕ್ಷ್ಮ ಇರುವುದರಿಂದ ಬಿಡಿಸುವ ಕೆಲಸವನ್ನು ಕೊನೆಗೆ ಪೈಥಾನ್ ಜೊತೆಗೇ ಬರುವ ಸಿದ್ಧ ಕೋಡ್ ಆದ ಯುಆರ್‌ಎಲ್‌ಸ್ಪ್ಲಿಟ್‌ಗೆ ವಹಿಸಿದೆ. @ ಗುರುತನ್ನೂ ಪೋರ್ಟ್ ಸಂಖ್ಯೆಯನ್ನೂ ಅದೇ ಬೇರ್ಪಡಿಸಿ ಕೊಡುತ್ತದೆ. ರೆಜೆಕ್ಸ್ ಉಳಿದದ್ದು ಹುಡುಕುವುದಕ್ಕೆ ಮತ್ತು ಬಾಲ ಕತ್ತರಿಸುವುದಕ್ಕೆ ಮಾತ್ರ.

ಮೂಲ ಪಠ್ಯದ ಮೇಲೆ ಹೊಸ ಪ್ರೋಗ್ರಾಂ ಓಡಿಸಿ ಕೊಂಡಿಗಳ ಪಟ್ಟಿಯನ್ನು ಮತ್ತೆ ಕಟ್ಟಿದೆವು. ಪರೀಕ್ಷೆಯ ಕಡತದಲ್ಲಿ ಈಗ 31 ಜಿಲ್ಲೆಗಳಿವೆ, ಫೇಸ್‌ಬುಕ್ ಇದೆ, ಸಂಪಿಗೆ, ಮಲ್ಲಿಗೆ ಇವೆ, ಆ 45 ಅಕ್ಷರದ ಸಾಲೂ ಇದೆ. ಕನ್ನಡದ ತುಂಡು ಪ್ರತ್ಯಯದಂಥ ಅಕ್ಷರದಲ್ಲಿ ಮುಗಿದು, ಸುತ್ತ < > ಇಲ್ಲದಿದ್ದರೆ ಪ್ರೋಗ್ರಾಂ ಏನೂ ಕತ್ತರಿಸುವುದಿಲ್ಲ. ಆ ಸಾಲಿಗೆ ಹಳದಿ ಬಣ್ಣ ಹಚ್ಚಿ ಮೇಡಂ ಮುಂದೆ ಇಡುತ್ತದೆ. ಅವರು ಓದಿ ನಿರ್ಧರಿಸುತ್ತಾರೆ. ಪಟ್ಟಿ ಸಿದ್ಧವಾದ ದಿನ ಅವರು ಮೊದಲು ಒತ್ತಿ ನೋಡಿದ್ದು ಹಾಸನ, ಆಮೇಲೆ ಹಾವೇರಿ. "ಎರಡೂ ಬೇರೆಬೇರೆ ತೆರೀತಿವೆ" ಅಂತ ಸಂದೇಶ ಕಳಿಸಿದರು.